ದೊರೆಸಾನಿ ಗಿಡದ ಬಾಣಂತನ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಅದ್ದೂರಿಯಾಗಿ ಬಾಣಂತನ ಮಾಡಿಸಿಕೊಂಡದ್ದು ನಾಲ್ಕು ಹೆತ್ತ ನನ್ನ ಅಮ್ಮನಲ್ಲ, ಒಂದು ಗಿಡ. ಇದನ್ನು ಹೇಳಿದಾಗಲೆಲ್ಲ ನನ್ನ ಮೊಮ್ಮಕ್ಕಳು ಮುಖ ಮುಖ ನೋಡಿಕೊಂಡು ನಗುತ್ತಾರೆ. ಅಜ್ಜಿಗೆ ವಯಸ್ಸಾಯಿತು, ಯಾವುದನ್ನೋ ಯಾವುದಕ್ಕೋ ಸೇರಿಸಿ ಹೇಳುತ್ತಾಳೆ ಎಂದು ಅವರ ಲೆಕ್ಕ. ನಾನು ಏನನ್ನೂ ಸೇರಿಸಿಲ್ಲ. ಸಾಂಬ್ರಾಣಿ ಹೊಗೆ, ಬೆಚ್ಚನೆಯ ನೀರು, ಚಳಿಗೆ ಸುತ್ತಿದ ಹಳೆಯ ಸೀರೆಯ ತುಂಡು, ಕುಂಡದ ಮೇಲಿಟ್ಟ ಕಾಡಿಗೆಯ ದೃಷ್ಟಿಬೊಟ್ಟು, ಎಲ್ಲವನ್ನೂ ಕಣ್ಣಾರೆ ಕಂಡವಳು ನಾನು. ಹೊಗೆ ಹಾಕುವಾಗ ಕೆಂಡ ಊದಿದವಳೂ ನಾನೇ.

ಆಗ ನಾವು ಜಾಲಹಳ್ಳಿಯ ಕಡೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ಕೆಂಪು ಗಾರೆ ನೆಲದ ಪುಟ್ಟ ವರಾಂಡ. ನಮ್ಮ ಮನೆಗೂ ಪಕ್ಕದ ಮನೆಗೂ ಏನೂ ವ್ಯತ್ಯಾಸವಿರಲಿಲ್ಲ. ಒಮ್ಮೆ ನನ್ನ ತಂಗಿ ಇಂದ್ರ ಆಟ ಮುಗಿಸಿ ಬಂದವಳು ಪಕ್ಕದ ಪಂಕಜಮ್ಮನವರ ಮನೆಗೆ ಹೋಗಿ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು ಊಟ ಮುಗಿಯುವ ತನಕ ಅನುಮಾನಪಡಲಿಲ್ಲ. ಕಾರ್ಖಾನೆಯ ಸೈರನ್ನೇ ಮನೆಯ ಗಡಿಯಾರ. ಅದು ಕೂಗಿದರೆ ಅಪ್ಪ ಸೈಕಲ್ ಹತ್ತುತ್ತಿದ್ದರು, ಕೂಗಿದರೆ ಅಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಅಪ್ಪ ಅಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಇಡೀ ದಿನ ನೇರ ಗೆರೆ ಎಳೆದು ಎಳೆದು ಮನೆಗೆ ಬಂದರೆ ಗೋಡೆಯ ಮೇಲಿನ ಕ್ಯಾಲೆಂಡರು ಒಂದು ಕೂದಲೆಳೆ ವಾಲಿದ್ದರೂ ಕಾಫಿ ಇಳಿಯುತ್ತಿರಲಿಲ್ಲ. ಅಂಥವರು ತಮ್ಮ ತಾಯಿಯ ಎದುರು ನಿಂತರೆ ಮಾತ್ರ ಎಲ್ಲ ಗೆರೆಯೂ ಸೊಟ್ಟ.

ಆ ತಾಯಿ, ಅಂದರೆ ನಮ್ಮಜ್ಜಿ, ಮಾಕಳಿಯಿಂದ ಬಂದವಳು. ರಾಗಿ ಹೊಲ, ಎಮ್ಮೆ, ಬಾಳೆ ಹಿತ್ತಲು ಎಲ್ಲವನ್ನೂ ದೊಡ್ಡಪ್ಪನ ಕೈಗೆ ಕೊಟ್ಟು, ನಾನು ಹುಟ್ಟಿದಾಗ ಬಾಣಂತನಕ್ಕೆಂದು ಬಂದವಳು ಮತ್ತೆ ಹೋಗಲಿಲ್ಲ. ಮುಂದಿನದು ಗಂಡಾಗಲಿ, ನೋಡಿಕೊಂಡೇ ಹೋಗುತ್ತೇನೆ ಎಂದು ಕಾದಳು. ಸುಶೀಲಕ್ಕ, ನಾನು, ಇಂದ್ರ, ಹೀಗೆ ಸಾಲಾಗಿ ಬಂದದ್ದೆಲ್ಲ ಹೆಣ್ಣು. ನಾಲ್ಕನೆಯವಳಿಗೆ ಅಜ್ಜಿಯೇ ಸಾಕಮ್ಮ ಎಂದು ಹೆಸರಿಟ್ಟಳು. ಹಾಗೆ ಹೆಸರಿಟ್ಟರೆ ಮುಂದೆ ಹೆಣ್ಣು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಜ್ಜಿ ಕೆಟ್ಟವಳಲ್ಲ. ನಮ್ಮ ನಾಲ್ಕೂ ತಲೆಗೆ ಎಣ್ಣೆ ತಿಕ್ಕಿ, ಸಂಜೆಗೆ ಹುರಿಗಾಳು ಕೊಟ್ಟು, ಬೈದು, ಮುದ್ದಿಸಿ ಬೆಳೆಸಿದವಳು. ಆದರೆ ಅವಳ ಲೆಕ್ಕದಲ್ಲಿ ನಾವು ನಾಲ್ವರೂ ಮುಖ್ಯ ಊಟಕ್ಕೆ ಮುಂಚೆ ಬಡಿಸಿದ ಕೋಸಂಬರಿ.

ಇಂಥ ಮನೆಗೆ ಆ ಗಿಡ ಬಂತು. ಕಾರ್ಖಾನೆಗೆ ಯಂತ್ರ ಜೋಡಿಸಿಕೊಡಲು ಹೊರದೇಶದಿಂದ ಬಂದಿದ್ದ ಎಂಜಿನಿಯರೊಬ್ಬರು ಹೆಂಡತಿಯ ಸಮೇತ ಊರಿಗೆ ಹೊರಟರು. ಹೋಗುವಾಗ ಆ ದೊರೆಸಾನಿ ಅಪ್ಪನ ವಿಭಾಗದವರಿಗೆಲ್ಲ ಒಂದೊಂದು ವಸ್ತು ಹಂಚಿದಳು. ಒಬ್ಬರಿಗೆ ಟೇಬಲ್ ಲ್ಯಾಂಪು, ಒಬ್ಬರಿಗೆ ಉಣ್ಣೆಯ ಕೋಟು, ನಮ್ಮಪ್ಪನಿಗೆ ಒಂದು ಮಣ್ಣಿನ ಕುಂಡ. ಅದರೊಳಗೆ ಇದ್ದಿಲು, ಇಟ್ಟಿಗೆ ಚೂರು, ಅವುಗಳ ನಡುವೆ ಬಡಕಲು ಕಬ್ಬಿನ ಜಲ್ಲೆಯಂಥ ನಾಲ್ಕಾರು ಕಡ್ಡಿಗಳು. ಅಪ್ಪ ಅದನ್ನು ಸೈಕಲ್ಲಿನ ಮುಂದೆ ತೂಗು ಹಾಕಿಕೊಂಡು, ತುಳಿಯದೆ, ಇಡೀ ದಾರಿ ತಳ್ಳಿಕೊಂಡು ಬಂದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಕೋಟಾದ್ರೂ ಕೊಡಬಾರದಿತ್ತಾ," ಎಂದಳು ಅಮ್ಮ.

"ಇದು ಆರ್ಕಿಡ್ ಕಣೇ. ಅವರ ಮನೇಲಿ ಒಂದ್ಸಲ ಹೂ ಬಿಟ್ಟಿದ್ದು ನೋಡಿದ್ದೆ. ನೇರಳೆ ಬಣ್ಣ, ಮಧ್ಯೆ ಕಪ್ಪಗೆ ಮಖಮಲ್ ಥರ. ತಿಂಗಳುಗಟ್ಟಲೆ ಬಾಡಲ್ಲ ಅಂತೆ."

ಅಜ್ಜಿ ಬಗ್ಗಿ ಕುಂಡದೊಳಗೆ ಬೆರಳು ತೂರಿಸಿ ಕೆದಕಿದಳು.

"ಮಣ್ಣೇ ಇಲ್ವಲ್ಲೋ ನಂಜುಂಡ! ಇದ್ದಿಲಿನಾಗೆ ಗಿಡ ಬೆಳೀತೈತಾ?"

"ಇದಕ್ಕೆ ಮಣ್ಣು ಬೇಡ ಅವ್ವ. ಗಾಳೀಲೇ ಬದುಕತ್ತೆ."

"ಗಾಳಿ ಕುಡ್ಕಂಡು ಬದ್ಕಾಕೆ ಅದೇನು ಸನ್ಯಾಸಿಯಾ?"

ಅಂದಿನಿಂದ ಅದಕ್ಕೆ ದೊರೆಸಾನಿ ಗಿಡ ಎಂದೇ ಹೆಸರಾಯಿತು. ಅಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಹೂ ಬಿಟ್ಟ ದಿನ ಎಲ್ಲರನ್ನೂ ಮನೆಗೆ ಕರೆಯುತ್ತೇನೆ ಎಂದು ಹೇಳಿಯೂಬಿಟ್ಟರು. ಚಳಿಗಾಲದಲ್ಲಿ ನೀರು ಕಡಿಮೆ ಹಾಕಬೇಕು ಎಂದು ದೊರೆಸಾನಿ ಹೇಳಿದ್ದಳಂತೆ. ಅಪ್ಪ ಅದನ್ನು ಪಾಲಿಸಿದರು. ಪಾಲಿಸಿದವರು ಅವರೊಬ್ಬರೇ. ಅಜ್ಜಿ ಊರಿನಲ್ಲಿದ್ದಾಗ ಅಕ್ಕಿ ಬೇಳೆ ತೊಳೆದ ಕಲಗಚ್ಚು ಎಮ್ಮೆಗೆ ಹೋಗುತ್ತಿತ್ತು. ಕ್ವಾರ್ಟರ್ಸಿನಲ್ಲಿ ಎಮ್ಮೆ ಕಟ್ಟುವಂತಿರಲಿಲ್ಲ. ಆ ನೀರನ್ನು ದಿನವೂ ಚರಂಡಿಗೆ ಚೆಲ್ಲುವಾಗ ಅವಳ ಹೊಟ್ಟೆ ಉರಿಯುತ್ತಿತ್ತು. ಈಗ ಒಂದು ಬಾಯಿ ಸಿಕ್ಕಿತು. ಅಪ್ಪನ ಸೈಕಲ್ಲು ತಿರುವಿನಲ್ಲಿ ಮರೆಯಾಗುತ್ತಲೇ ಕಲಗಚ್ಚು ಸೋಸಿ ಕುಂಡಕ್ಕೆ ಸುರಿಯುತ್ತಿದ್ದಳು. ವಾರಕ್ಕೊಮ್ಮೆ ಸಗಣಿ ಕದಡಿದ ನೀರು. ಊರಿನ ಎಮ್ಮೆಯ ಹೆಸರು ಗೌರಿ. ಕೆಲವು ಸಲ ಬಾಯಿತಪ್ಪಿ ಗಿಡವನ್ನೂ ಹಾಗೆಯೇ ಕರೆಯುತ್ತಿದ್ದಳು.

ಒಂದು ಬೆಳಗ್ಗೆ ಹಳೆಯ ಕಡ್ಡಿಯೊಂದರ ಗೆಣ್ಣಿನಲ್ಲಿ ಸಾಸಿವೆ ಗಾತ್ರದ ಹಸಿರು ಗುಳ್ಳೆ ಎದ್ದಿತು. ಅಪ್ಪ ಕಾರ್ಖಾನೆಯಿಂದ ಭೂತಗನ್ನಡಿ ತಂದು ನೋಡಿದರು, ಮೊಗ್ಗು ಎಂದು ಸಾರಿದರು, ನಮಗೆಲ್ಲ ಕೊಬ್ಬರಿ ಮಿಠಾಯಿ ಕೊಡಿಸಿದರು. ಸ್ವಲ್ಪ ದಿನಕ್ಕೆ ಗುಳ್ಳೆ ಬಾಯಿಬಿಟ್ಟಿತು. ಒಳಗಿಂದ ಹೂವಿನ ಬದಲು ಎರಡು ಎಲೆ ಬಂದವು. ಆಮೇಲೆ ಅದರ ಬುಡದಿಂದ ಬಿಳಿಯ ಬೇರುಗಳು ಇಳಿದು ಗಾಳಿಯಲ್ಲಿ ನೇತಾಡತೊಡಗಿದವು. ತಾಯಿಯ ಸೊಂಟದ ಮೇಲೆ ಕೂತ ಕೂಸಿನ ಹಾಗೆ ಪೂರ್ತಿ ಗಿಡವೊಂದು ಕಡ್ಡಿಯ ಮೇಲೆ ಕೂತಿತ್ತು. ಅಪ್ಪನಿಗೆ ಅನ್ನ ಸೇರಲಿಲ್ಲ. ಅಜ್ಜಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಮರಿ ಆಕೈತೆ! ಬಾಳೆ ಮರಿ ಆಕ್ದಂಗೆ ಮರಿ ಆಕೈತೆ ಕಣ್ಲಾ! ಮಣ್ಣಿಲ್ದೆ, ಬಸಿರಿನ ಸುದ್ದಿ ಇಲ್ದೆ, ನಿಂತ ನಿಲುವಿನಾಗೆ!"

ಹೊಲದವಳು ಅವಳು. ಮರಿ ಹಾಕುವ ಗಿಡ, ಕರು ಹಾಕುವ ಎಮ್ಮೆ, ಇವುಗಳಿಗಿಂತ ದೊಡ್ಡ ಶುಭ ಅವಳಿಗೆ ಗೊತ್ತಿರಲಿಲ್ಲ. ಹೂವು ನೋಡಿ ಯಾರ ಹೊಟ್ಟೆ ತುಂಬೀತು? ಹಾಗಾಗಿ ಬಾಣಂತನ ಶುರುವಾಯಿತು. ಚಳಿ ತಾಕಬಾರದೆಂದು ಸೀರೆಯ ತುಂಡು ಸುತ್ತಿದಳು. ಬೆಳಗ್ಗೆ ಬಚ್ಚಲ ಹಂಡೆಯಿಂದ ಬೆಚ್ಚನೆಯ ನೀರು, ಸಂಜೆ ಸಾಂಬ್ರಾಣಿ. ಗಿಡ ಅದಕ್ಕೆ ತಕ್ಕ ಪ್ರತಿಫಲ ಕೊಟ್ಟಿತು. ಒಂದೊಂದು ಗೆಣ್ಣಿನಲ್ಲೂ ಗುಳ್ಳೆ ಏಳುವುದು, ಅಪ್ಪ ಆಸೆಯಿಂದ ಭೂತಗನ್ನಡಿ ಹಿಡಿಯುವುದು, ಅದು ಎಲೆಯಾಗುವುದು, ಅಪ್ಪ ಮುಖ ಸಣ್ಣಗೆ ಮಾಡಿಕೊಂಡು ಸೈಕಲ್ ಹತ್ತುವುದು, ಇದೇ ನಮ್ಮ ಮನೆಯ ಋತುಚಕ್ರವಾಯಿತು.

ಮರಿಗಳಿಗೆ ಬೇರು ಬೆರಳುದ್ದ ಬಂದ ಮೇಲೆ ಅಜ್ಜಿ ಅವನ್ನು ತಾಯಿಯಿಂದ ಬಿಡಿಸಿ, ಗಾಯಕ್ಕೆ ಅರಿಶಿನ ಬೂದಿ ಸವರಿ, ಬೇಕೆಂದವರಿಗೆ ಕೊಡುತ್ತಿದ್ದಳು. ಬರಿಗೈಯಲ್ಲಿ ಅಲ್ಲ. ಬಂದ ಹೆಂಗಸನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಸಿ, ಅಕ್ಕಿ, ಎಲೆ ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಗಿಡದ ಮರಿ, ಹೀಗೆ ಮಡಿಲು ತುಂಬಿ ಕಳಿಸುವುದು. ಶುಕ್ರವಾರ ಕೇಳಿದರೆ ಕೊಡುತ್ತಿರಲಿಲ್ಲ, ಮನೆಯ ಲಕ್ಷ್ಮಿ ಹೊರಗೆ ಹೋಗುತ್ತಾಳಲ್ಲ. ಮೊದಲ ಮರಿ ಪಕ್ಕದ ಪಂಕಜಮ್ಮನವರ ಸೊಸೆಗೆ ಹೋಯಿತು. ಅವಳು ಬೇಗನೆ ಬಸಿರಾದಳು. ಎರಡನೆಯದು ಹಿಂದಿನ ಸಾಲಿನವರಿಗೆ. ಅಲ್ಲೂ ಅದೇ ಸುದ್ದಿ. ಕ್ವಾರ್ಟರ್ಸಿನಲ್ಲಿ ಆ ಕಾಲಕ್ಕೆ ಯಾವ ಮನೆಯ ಬಾಗಿಲು ತಟ್ಟಿದರೂ ಒಬ್ಬಳು ಬಸುರಿ ಸಿಗುತ್ತಿದ್ದಳು ಎಂಬುದನ್ನು ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ. ದೊರೆಸಾನಿ ಗಿಡದ ಮರಿ ಮಡಿಲಿಗೆ ಬಿದ್ದರೆ ಮಕ್ಕಳಾಗುತ್ತವೆ ಎಂಬ ಸುದ್ದಿ ತಣಿಸಂದ್ರದವರೆಗೆ ಹೋಯಿತು. ಅಲ್ಲಿಂದ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬಂದು ನಮ್ಮ ವರಾಂಡದಲ್ಲಿ ಕೂತಿರುತ್ತಿದ್ದರು. ಅಪ್ಪ ಚಪ್ಪಲಿಗಳ ರಾಶಿ ದಾಟಿ ತಮ್ಮ ಮನೆಯೊಳಗೆ ಬರಬೇಕಾಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. ಆದರೆ ಊರಿಗೆಲ್ಲ ಮಡಿಲು ತುಂಬುವ ಅಜ್ಜಿಯ ಕಣ್ಣು ಅಮ್ಮನ ಮೇಲೆ ಬಿತ್ತು. ಮನೆಯಲ್ಲೇ ಇಂಥ ಸೂಚನೆ ಇರುವಾಗ ಸೊಸೆ ಸುಮ್ಮನಿರುವುದು ದೇವರಿಗೆ ಮಾಡುವ ಅವಮಾನ ಎಂದು ಅವಳ ತೀರ್ಮಾನ. ಯುಗಾದಿಗೆ ಮನೆದೇವರ ಬಳಿ ಹೋಗಿ ಗಂಡುಮಗುವಿಗೆ ಹರಕೆ ಕಟ್ಟುವುದೆಂದು ಹೇಳಿದಳು. ಅಮ್ಮ ಆಗ ಹೇಗಿದ್ದಳೆಂದು ನನಗೆ ಚೆನ್ನಾಗಿ ನೆನಪಿದೆ. ಸಾಕಮ್ಮ ಹುಟ್ಟಿದ ಮೇಲೆ ಅವಳ ಜಡೆ ಬೆರಳಿನಷ್ಟು ಸಣ್ಣಗಾಗಿತ್ತು. ನಲ್ಲಿಯ ಹತ್ತಿರ ಕೊಡ ಎತ್ತುವಾಗ ಎರಡು ಸಲ ತಲೆಸುತ್ತಿ ಕೂತುಬಿಟ್ಟಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ ಇನ್ನೊಂದು ಹೆರಿಗೆ ಈ ಮೈಗೆ ಆಗದು, ಜೀವಕ್ಕೇ ಬರಬಹುದು ಎಂದು ಅಪ್ಪನನ್ನು ಕರೆಸಿ ಹೇಳಿದ್ದರು. ಅಪ್ಪ ಅದನ್ನು ಕೇಳಿಸಿಕೊಂಡು ಬಂದವರು ಅಜ್ಜಿಯ ಮುಂದೆ ಬಾಯಿ ಬಿಡಲಿಲ್ಲ.

"ಅವ್ವಂಗೆ ಏನಂತ ಹೇಳ್ಲಿ ಲಕ್ಷ್ಮಿ? ಒಂದು ಮೊಮ್ಮಗ ಅಂತ ಜೀವ ಹಿಡ್ಕೊಂಡಿದಾಳೆ."

"ನಂಗೂ ಒಂದು ಜೀವ ಇದೆಯಲ್ರೀ, ಅದನ್ನ ಯಾರು ಹಿಡ್ಕೋತಾರೆ?" ಎಂದಳು ಅಮ್ಮ. ಅಪ್ಪ ಎದ್ದು ಹೋಗಿ ಕ್ಯಾಲೆಂಡರು ಸರಿ ಮಾಡಿದರು.

ಕೊನೆಗೆ ಗಿಡದ ಸಮಸ್ಯೆಗೆಂದು ಅಪ್ಪ ಯಶವಂತಪುರದಿಂದ ರಂಗಪ್ಪ ಮೇಷ್ಟ್ರನ್ನು ಕರೆಸಿದರು. ಅಮ್ಮನ ಸೋದರಮಾವ, ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡುತ್ತಿದ್ದರು. ಮದುವೆಮನೆಗೆ ಹೋದರೂ ಎದುರಿಗಿರುವವರನ್ನೆಲ್ಲ ಎಂಟನೇ ಕ್ಲಾಸು ಎಂದುಕೊಂಡೇ ಮಾತಾಡುವವರು. ಸೈಕಲ್ ನಿಲ್ಲಿಸಿ, ಪ್ಯಾಂಟಿನ ಕ್ಲಿಪ್ಪು ತೆಗೆದು, ಗಿಡಕ್ಕೆ ಮೂರು ಸುತ್ತು ಬಂದು, ಸುತ್ತಿದ್ದ ಸೀರೆಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನಿದು?"

"ಬಾಣಂತಿ ಅಲ್ವಾ ಮೇಷ್ಟ್ರೇ, ಚಳಿ," ಎಂದಳು ಅಜ್ಜಿ.

"ಸರಿ. ನೀರು ಯಾರು ಹಾಕ್ತೀರಿ? ಒಬ್ಬೊಬ್ಬರಾಗಿ ಹೇಳಿ."

"ನಾನು. ವಾರಕ್ಕೊಂದ್ಸಲ, ಅಳತೆ ಮಾಡಿ," ಎಂದರು ಅಪ್ಪ.

"ನಾನು ಬೆಳಿಗ್ಗೆ ಒಸಿ ಕಲಗಚ್ಚು," ಎಂದಳು ಅಜ್ಜಿ ಬೇರೆ ಕಡೆ ನೋಡುತ್ತ.

"ನಾನು ಸ್ಕೂಲಿಂದ ಬಂದ್ಮೇಲೆ," ಎಂದಳು ಸುಶೀಲಕ್ಕ. ಗಿಡಗಳಿಗೆ ದಯೆ ತೋರಬೇಕೆಂದು ಅವಳ ಪಾಠದಲ್ಲಿತ್ತು.

"ನಾನು ಬರೀ ಶುಕ್ರವಾರ, ಒಂದು ಲೋಟ ಹಾಲು," ಎಂದು ಬೇಲಿಯ ಆಚೆಯಿಂದ ಪಂಕಜಮ್ಮನವರ ದನಿ ಬಂತು. ಸೊಸೆ ಬಸಿರಾದ ಕೃತಜ್ಞತೆ ಅದು.

ಅಪ್ಪ ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಕೈ ಇಟ್ಟುಕೊಂಡರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಕೇಳಿ. ಗೆಣ್ಣಿನಲ್ಲಿ ಏಳೋ ಗುಳ್ಳೆ ಹೂವೂ ಆಗಬಹುದು, ಮರಿಯೂ ಆಗಬಹುದು. ಹೂವಾಗಬೇಕಾದ್ರೆ ಗಿಡಕ್ಕೆ ಚಳಿಗಾಲದಲ್ಲಿ ವಿಶ್ರಾಂತಿ ಬೇಕು. ನೀವು ವರ್ಷವಿಡೀ ನೀರು, ಗೊಬ್ಬರ, ಶಾಖ ಕೊಟ್ಟು ಕೊಟ್ಟು ಒಂದು ದಿನಾನೂ ಅದನ್ನ ಸುಮ್ನೆ ಬಿಟ್ಟಿಲ್ಲ. ಅದಕ್ಕೇ ಇದು ಬರೀ ಹೆರ್ತಾ ಇದೆ. ಈ ದೀಪಾವಳಿ ಆದ್ಮೇಲೆ ನೀರಿಲ್ಲ, ಗೊಬ್ಬರ ಇಲ್ಲ, ಉಪಚಾರ ಇಲ್ಲ. ಯಾರೂ ಅದರ ತಂಟೆಗೆ ಹೋಗಬಾರದು."

ಅಮ್ಮ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮಾವ, ಇನ್ನೊಂದ್ಸಲ ಹೇಳಿ. ಸ್ವಲ್ಪ ಗಟ್ಟಿಯಾಗಿ."

ಒಳ್ಳೆಯ ವಿದ್ಯಾರ್ಥಿನಿ ಸಿಕ್ಕಿದ ಸಂತೋಷದಲ್ಲಿ ಮೇಷ್ಟ್ರು ಪೂರ್ತಿ ಪಾಠವನ್ನು ಮೊದಲಿನಿಂದ ಒಪ್ಪಿಸಿದರು. ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಕೇಳಿಸ್ತೇನ್ರೀ?"

"ಗಿಡಕ್ಕೆ ಹೇಳ್ತಿದಾರೆ," ಎಂದರು ಅಪ್ಪ ಮೆಲ್ಲಗೆ.

"ನಾನು ಬೇರೆ ಯಾರಿಗೆ ಅಂದೆ?"

ದೀಪಾವಳಿಯ ಮಾರನೆಯ ದಿನ ಅಮ್ಮ ಎರಡು ಕೆಲಸ ಮಾಡಿದಳು. ಕುಂಡವನ್ನು ವರಾಂಡದಿಂದ ತೆಗೆದು ಅಂಗಳದ ಸೀಬೆ ಮರದ ಕೊಂಬೆಗೆ, ಅಜ್ಜಿಯ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಿದಳು. ಆಮೇಲೆ ತನ್ನ ಹಾಸಿಗೆ ಸುತ್ತಿಕೊಂಡು, ಸಾಕಮ್ಮನನ್ನು ಕಂಕುಳಿಗೆ ಏರಿಸಿಕೊಂಡು, ಅಜ್ಜಿಯೂ ನಾವೂ ಮಲಗುತ್ತಿದ್ದ ಒಳಕೋಣೆಗೆ ಬಂದಳು. ನಮಗೆ ಹಬ್ಬವೇ ಹಬ್ಬ. ಜಾಗ ಸಾಲದೆ ಒಬ್ಬರ ಕಾಲು ಒಬ್ಬರ ಮೂಗಿಗೆ ತಾಗುತ್ತಿತ್ತು. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ, ಮಗನ ಗೊರಕೆಗೆ ಹೆದರಿ ಬಂದಿರಬೇಕೆಂದುಕೊಂಡಳು. ಅರ್ಥವಾದ ಮೇಲೆ ಸಿಟ್ಟನ್ನೆಲ್ಲ ಗಿಡದ ಮೇಲೆ ಹಾಕಿ ಮಾತಾಡತೊಡಗಿದಳು. ಅಪ್ಪನಿಗೋ ಹೂವಿನ ಆಸೆ. ಕ್ಯಾಂಟೀನಿನಲ್ಲಿ ಮರ್ಯಾದೆ ಉಳಿಯಬೇಕಿತ್ತು. ಹುಟ್ಟಿದಾರಭ್ಯ ತಾಯಿಗೆ ಎದುರಾಡದವರು ಗಿಡದ ಪರವಾಗಿ ಮೊದಲ ಸಲ ಬಾಯಿ ತೆರೆದರು.

"ನೀರಿಲ್ದೆ ಒಣಗ್ತಾ ಐತೆ ಕಣ್ಲಾ. ಎಲೆಯೆಲ್ಲ ಅಳದಿ ಆಗೈತೆ. ಬಾಣಂತಿ ಶಾಪ ತಟ್ತೈತೆ ನಿಂಗೆ."

"ಎಷ್ಟೂಂತ ಹೆರತ್ತೆ ಅವ್ವ ಅದು? ಮೈಯಲ್ಲಿ ಏನಾದ್ರೂ ಇದೆಯಾ ನೋಡು, ಬರೀ ಕಡ್ಡಿ. ಸುಸ್ತಾಗಿದೆ ಅದಕ್ಕೆ. ಸ್ವಲ್ಪ ದಿನ ಅದರ ಪಾಡಿಗೆ ಬಿಟ್ಟುಬಿಡು."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಇದನ್ನ ಬರೆದು ಗೋಡೆಗೆ ನೇತುಹಾಕ್ತೀನಿ, ಇನ್ನೊಂದ್ಸಲ ಹೇಳಿ," ಎಂದಳು ಅಮ್ಮ ಒಳಗಿಂದ.

"ನೀ ಯಾವುದ್ರ ಮಾತು ಆಡ್ತಿದೀಯೆ ಲಕ್ಸ್ಮಿ?"

"ಗಿಡದ್ದೇ ಅತ್ತೆ."

ಚಳಿ ಹೆಚ್ಚಿದಂತೆ ಗಿಡದ ಎಲೆಗಳು ಒಂದೊಂದೇ ಉದುರಿದವು. ಉಳಿದದ್ದು ಸುಕ್ಕುಗಟ್ಟಿದ ಬೋಳು ಕಡ್ಡಿ. ಅಜ್ಜಿ ಅದನ್ನು ನೋಡಲಾರದೆ ಒಂದು ಮಧ್ಯಾಹ್ನ ಸುಶೀಲಕ್ಕನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೈಗೆ ನೀರಿನ ಚೊಂಬು ಕೊಡುವಷ್ಟರಲ್ಲಿ ಅಮ್ಮ ಬಂದುಬಿಟ್ಟಳು. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಸುಶೀಲಕ್ಕನನ್ನು ಕೆಳಗಿಳಿಸಿ, ಚೊಂಬನ್ನು ತಿರುಗಿ ಅಜ್ಜಿಯ ಕೈಗೇ ಕೊಟ್ಟಳು.

"ಅತ್ತೆ, ಇವ್ರು ನಿಮಗೆ ಹೇಳಿಲ್ಲ, ನಾನೇ ಹೇಳ್ತೀನಿ. ಇನ್ನೊಂದು ಹೆತ್ರೆ ನಾನು ಉಳಿಯಲ್ಲ ಅಂತ ಡಾಕ್ಟರಮ್ಮ ಹೇಳಿದಾರೆ. ನಂಗೆ ಹೆದರಿಕೆ ಆಗತ್ತೆ. ಈ ನಾಲ್ಕನ್ನ ಬಿಟ್ಟು ಹೋಗಕ್ಕೆ ನಂಗಿಷ್ಟ ಇಲ್ಲ."

ಅಜ್ಜಿ ಕೈಯಲ್ಲಿದ್ದ ಚೊಂಬಿನ ನೀರನ್ನು ತಾನೇ ಗಟಗಟ ಕುಡಿದಳು. ಡಾಕ್ಟರಮ್ಮನ ಮಾತು ಅವಳ ಎದೆಗೆ ಇಳಿದಿತ್ತೆಂದು ನನಗೆ ಈಗ ಗೊತ್ತು. ಆದರೆ ಸೊಸೆ ಹೇಳಿದ್ದಕ್ಕೆ ಸರಿ ಎಂದುಬಿಟ್ಟರೆ ಅವಳು ಮಾಕಳಿಯ ಅಜ್ಜಿ ಹೇಗಾಗುತ್ತಾಳೆ?

"ಡಾಕ್ಟರಮ್ಮ ದ್ಯಾವರೇನಲ್ಲ. ನಾನು ಗಿಡದ ಮಾತು ಕೇಳ್ತೀನಿ. ಅದು ಊವು ಬುಟ್ರೆ ನಾನು ಬಾಯಿ ಮುಚ್ಕಂತೀನಿ, ಅರಕೆಯೂ ಇಲ್ಲ ಏನೂ ಇಲ್ಲ. ಮರಿ ಆಕ್ತೋ, ದ್ಯಾವರ ಮಾತು ಅಂತ ನೀನು ಬಾಯಿ ಮುಚ್ಕಬೇಕು. ಒಪ್ಗೆನಾ?"

"ಒಪ್ಗೆ," ಎಂದಳು ಅಮ್ಮ.

ಇದು ಎಂಥ ಹುಚ್ಚು ಒಪ್ಪಂದ ಎಂದು ಈಗ ಅನಿಸುತ್ತದೆ. ಒಬ್ಬ ಹೆಂಗಸಿನ ಜೀವವನ್ನು ಒಂದು ಬೋಳು ಕಡ್ಡಿಯ ಮೇಲೆ ಇಟ್ಟು ಅತ್ತೆ ಸೊಸೆ ಇಬ್ಬರೂ ಮುದ್ದೆ ತಿರುವಲು ಒಳಗೆ ಹೋದರು. ಅಪ್ಪನಿಗೆ ವಿಷಯ ತಿಳಿದಾಗ ಅವರು ಬೆಳಗ್ಗೆ ಸಂಜೆ ಸೀಬೆ ಮರದ ಕೆಳಗೆ ನಿಂತು ಕೈಮುಗಿಯಲು ಶುರುಮಾಡಿದರು. ಅವರಿಗೆ ಯಾವುದಕ್ಕಾಗಿ ಕೈಮುಗಿಯುತ್ತಿದ್ದೇನೆ ಎಂಬುದು ಸ್ಪಷ್ಟವಿತ್ತೋ ಇಲ್ಲವೋ. ಅಮ್ಮ ಹೊರಗೆ ಗಟ್ಟಿಯಾಗಿದ್ದಳು. ಆದರೆ ಸಾರಿಗೆ ಉಪ್ಪು ಹಾಕುವುದನ್ನು ಮರೆಯತೊಡಗಿದಳು.

ಸಂಕ್ರಾಂತಿ ಕಳೆದು ಬಿಸಿಲು ಸ್ವಲ್ಪ ಏರುತ್ತಿದ್ದಂತೆ ಕಡ್ಡಿಗಳ ಗೆಣ್ಣುಗಳಲ್ಲಿ ಗುಳ್ಳೆಗಳೆದ್ದವು. ಒಂದಲ್ಲ ಎರಡಲ್ಲ, ಹತ್ತಾರು. ಹೂವೋ ಮರಿಯೋ? ಕ್ವಾರ್ಟರ್ಸಿನ ಗಂಡಸರು ಅಪ್ಪನ ಭೂತಗನ್ನಡಿಗೆ ಸಾಲು ನಿಂತರು. ದುಂಡಗಿದ್ದರೆ ಹೂವು, ಚೂಪಾಗಿದ್ದರೆ ಎಲೆ ಎಂದು ಮೇಷ್ಟ್ರು ಹೇಳಿಕಳಿಸಿದರು. ಎಲ್ಲವೂ ಅರ್ಧ ದುಂಡಗೆ ಅರ್ಧ ಚೂಪಾಗಿ ಕಾಣುತ್ತಿದ್ದವು. ಅಪ್ಪ ಕೋನ ಅಳೆಯುವ ಪಟ್ಟಿ ಹಿಡಿದು ನೋಡಿ, ಖಂಡಿತ ಹೂವು ಎಂದು ಬೆಳಗ್ಗೆ ಹೇಳಿ, ಸಂಜೆಗೆ ಅನುಮಾನ ಎನ್ನುತ್ತಿದ್ದರು. ಅಮ್ಮ ಮಾತ್ರ ಒಮ್ಮೆಯೂ ಮರದ ಹತ್ತಿರ ಹೋಗಲಿಲ್ಲ. ಬಟ್ಟೆ ಒಣಹಾಕುವಾಗಲೂ ಆ ಕಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಒಂದು ದಿನ ಬೆಳಗ್ಗೆ ಅಪ್ಪ ಸೈಕಲ್ ಹತ್ತಿ ಹೋದ ಮೇಲೆ, ಅಮ್ಮ ಬಚ್ಚಲಲ್ಲಿದ್ದಾಗ, ಅಜ್ಜಿ ನನ್ನ ರಟ್ಟೆ ಹಿಡಿದು ಮರದ ಬಳಿಗೆ ಎಳೆದುಕೊಂಡು ಹೋದಳು.

"ನಿನ್ನ ಕಣ್ಣು ಚೂಪು. ಸ್ಟೂಲು ಅತ್ತು. ಕುಂಡ ಇಳಿಸಿ ನಂಗೆ ತೋರ್ಸು."

ನಾನು ಸ್ಟೂಲು ಹತ್ತಿ ಕುಂಡ ಇಳಿಸಿದೆ. ಎಲ್ಲಕ್ಕೂ ಮೇಲಿನ ಗೆಣ್ಣಿನ ಗುಳ್ಳೆ ಬಾಯಿಬಿಟ್ಟಿತ್ತು. ಒಳಗೆ ಎರಡು ಪುಟ್ಟ ಎಲೆಗಳು, ಮಡಿಸಿದ ಕೈಗಳ ಹಾಗೆ. ಯಾರಿಗೂ ಅನುಮಾನ ಬರುವಂತಿರಲಿಲ್ಲ.

"ಮರಿ ಅಜ್ಜಿ," ಎಂದೆ. ಒಪ್ಪಂದದ ಮಾತು ನನಗೂ ಗೊತ್ತಿತ್ತು. ಅಮ್ಮ ಸಾಯುತ್ತಾಳೆ ಎಂದೇ ನಾನು ಅರ್ಥಮಾಡಿಕೊಂಡಿದ್ದೆ.

"ನಂಗೂ ಕಾಣ್ತೈತೆ."

ಮರಿಯ ಒಂದು ಬೇರು ಮುರಿದರೂ ಊಟ ಬಿಡುತ್ತಿದ್ದ ಅಜ್ಜಿ, ಹೆಬ್ಬೆರಳು ತೋರುಬೆರಳು ಸೇರಿಸಿ ಆ ಎರಡು ಎಲೆಗಳನ್ನು ಬುಡದಿಂದಲೇ ಚಿವುಟಿದಳು. ಅರಿಶಿನ ಬೂದಿ ಸೊಂಟದಲ್ಲೇ ಕಟ್ಟಿಕೊಂಡು ಬಂದಿದ್ದಳು, ಗಾಯಕ್ಕೆ ಸವರಿದಳು. ಚಿವುಟಿದ್ದನ್ನು ನೆಲಕ್ಕೆ ಬಿಸಾಡಲಿಲ್ಲ. ಅಂಗೈಯಲ್ಲಿ ಮುಚ್ಚಿಕೊಂಡು ಬಚ್ಚಲೊಲೆಗೆ ಹಾಕಿ, ಅದು ಸುಟ್ಟು ಮುಗಿಯುವ ತನಕ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಎದ್ದಾಗ ಕಣ್ಣಿನಲ್ಲಿ ನೀರಿತ್ತು.

"ನಿಮ್ಮವ್ವಂಗೆ ಏಳ್ಬ್ಯಾಡ. ನಿಮ್ಮಪ್ಪಂಗಂತೂ ಏಳ್ಲೇಬ್ಯಾಡ."

"ದೇವರ ಮಾತು ಅಂದಿದ್ಯಲ್ಲ ಅಜ್ಜಿ?"

"ದ್ಯಾವರಿಗೆ ನಾನು ಏಳ್ಕಂತೀನಿ. ನೀನು ಸ್ಕೂಲಿಗೆ ಓಗು."

ಮಿಕ್ಕ ಗುಳ್ಳೆಗಳು ದುಂಡಗಾದವು, ಉಬ್ಬಿದವು, ಬಣ್ಣಕ್ಕೆ ತಿರುಗಿದವು. ಒಂದು ಭಾನುವಾರ ಬೋಳು ಕಡ್ಡಿಗಳು ತುದಿಯಿಂದ ಬುಡದ ತನಕ ನೇರಳೆ ಹೂ ಹೊತ್ತು ನಿಂತಿದ್ದವು. ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ. ಮಧ್ಯೆ ನಿಜಕ್ಕೂ ಮಖಮಲ್ಲಿತ್ತು. ಅವರು ಶೇವು ಮಾಡಿಕೊಂಡು, ಮದುವೆಯ ಕೋಟು ತೊಟ್ಟು, ಕುಂಡವನ್ನು ವರಾಂಡದ ನಟ್ಟನಡುವೆ ಅಳೆದು ಇಟ್ಟರು. ವಿಭಾಗದವರೆಲ್ಲ ಹೆಂಡತಿ ಮಕ್ಕಳೊಂದಿಗೆ ಬಂದರು. ರಂಗಪ್ಪ ಮೇಷ್ಟ್ರು ಬಂದು ನಿಂತಲ್ಲೇ ಪಾಠ ಶುರುಮಾಡಿದರು. ಅಮ್ಮ ಉಪ್ಪಿಟ್ಟು ಕೇಸರಿಬಾತು ಮಾಡಿದ್ದಳು. ಎಷ್ಟೋ ದಿನದ ಮೇಲೆ ಉಪ್ಪು ಸರಿಯಾಗಿತ್ತು. ಅಪ್ಪ ಮೈಯೆಲ್ಲ ಹೂವಾಗಿ ಓಡಾಡುತ್ತಿರುವಾಗ, ಬೇಲಿ ದಾಟಿ ಪಂಕಜಮ್ಮನವರು ಮೊಮ್ಮಗನನ್ನು ಎತ್ತಿಕೊಂಡು ಬಂದು ಗಿಡವನ್ನು ಹಿಂದೆ ಮುಂದೆ ನೋಡಿದರು.

"ಹೂವು ಚೆನ್ನಾಗಿದೆ ಬಿಡಿ. ಆದ್ರೆ ಒಂದಾದ್ರೂ ಮರಿ ಇಲ್ವಲ್ಲ ಅಜ್ಜಿ! ಹೋಗ್ಲಿ, ನಿಮ್ಮ ಸೊಸೆದು ಯಾವಾಗ? ಈ ಸಲ ಗಂಡೇ ಆಗತ್ತೆ, ನನ್ನ ಮಾತು ಬರೆದಿಟ್ಕೊಳಿ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಇಂಥ ಮಾತಿಗೆ ಅಜ್ಜಿ ಏನು ಹೇಳುತ್ತಾಳೆಂದು ಕ್ವಾರ್ಟರ್ಸಿನವರಿಗೆಲ್ಲ ಬಾಯಿಪಾಠವಾಗಿತ್ತು. ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದವಳು ಹೂವಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಎಂಟು ಮಕ್ಕಳ್ನ ಎತ್ತೆ ಕಣವ್ವ ನಾನು. ಮೂರು ಉಳಿದ್ವು. ಒಂದು ಚಳಿಗಾಲಾನಾದ್ರೂ ನನ್ನ ಯಾರೂ ಸುಮ್ಕೆ ಬುಡ್ಲಿಲ್ಲ. ಬುಟ್ಟಿದ್ರೆ ನಾನೂ ಯಾವ ಬಣ್ಣದ ಊವು ಬುಡ್ತಿದ್ನೋ, ನಂಗೇ ಗೊತ್ತಿಲ್ಲ." ಚಾಚಿದ ಕಾಲು ಮಡಿಸಿಕೊಂಡು ಹೇಳಿದಳು, "ನಮ್ಮ ಲಕ್ಸ್ಮಿನ ಬುಟ್ಟಿದೀವಿ. ಇನ್ಮ್ಯಾಕೆ ಆ ಮಾತು ಯಾರೂ ಎತ್ಬ್ಯಾಡಿ."

ಅಪ್ಪ ಕೋಟಿನ ಗುಂಡಿ ಹಾಕಿ ಬಿಚ್ಚಿ ಮಾಡುತ್ತಿದ್ದರು. ಮೇಷ್ಟ್ರು ಕೂಡ ಪಾಠ ನಿಲ್ಲಿಸಿದ್ದರು. ನಾನು ತಟ್ಟೆ ತರುವ ನೆಪದಲ್ಲಿ ಅಡುಗೆಮನೆಗೆ ಓಡಿದೆ. ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಕ್ಷಣ ನನಗೆ ಎಲ್ಲಿಲ್ಲದ ನೆಮ್ಮದಿಯಾಯಿತು. ಅಮ್ಮ ಇರುತ್ತಾಳೆ ಎಂದು ಗೊತ್ತಾಯಿತು. ಅವಳು ಇದ್ದಳು ಕೂಡ, ಬಹಳ ವರ್ಷ. ಅವಳಿಗೆ ನಾವು ನಾಲ್ಕೇ ಮಕ್ಕಳು. ನಮ್ಮ ಮನೆಯಲ್ಲಿ ಬಡಿಸುವುದು ಯಾವಾಗಲೂ ಗಂಡಸರಿಂದ, ಅದರಲ್ಲೂ ಬಂದವರಲ್ಲಿ ದೊಡ್ಡ ಅಧಿಕಾರಿಯಿಂದ. ಅಮ್ಮ ಒಂದು ತಟ್ಟೆಗೆ ಕೇಸರಿಬಾತು ಹಾಕಿ, ಮೇಲೆ ಇನ್ನೊಂದು ಚಮಚ ತುಪ್ಪ ಸುರಿದು ನನ್ನ ಕೈಗಿಟ್ಟಳು.

"ಮೊದಲು ನಿಮ್ಮಜ್ಜಿಗೆ ಕೊಡು," ಎಂದಳು. "ಅವ್ರು ತಿಂದ್ಮೇಲೆ ಮಿಕ್ಕೋರಿಗೆ."